ಹೆಪ್ಜಿಬಾಳ ಜಾಗ

ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ದೇವರು ತನ್ನ ಜೊತೆ ನೇರವಾಗಿ ಮಾತಾಡುತ್ತಾನೆ, ನಡುವೆ ಪಾದ್ರಿ ಬೇಕಿಲ್ಲ ಎಂದದ್ದಕ್ಕೆ ಹೆಪ್ಜಿಬಾಳನ್ನು ನಮ್ಮೂರಿನಿಂದ ಗಡೀಪಾರು ಮಾಡಿದರು. ಅವಳ ವಿರುದ್ಧ ಸಾಕ್ಷಿ ಹೇಳಿದವಳು ನಾನೇ. ಪ್ರಾರ್ಥನಾಮಂದಿರದ ಬೆಂಚಿನಲ್ಲಿ ಅವಳ ಜಾಗವನ್ನು ಹಿರಿಯರು ನನಗೆ ಕೊಟ್ಟರು.

ನಮ್ಮ ಮಂದಿರದಲ್ಲಿ ಬೆಂಕಿ ಹಾಕುವುದಿಲ್ಲ. ಆ ಚಳಿಗಾಲ ಬುತ್ತಿಯ ಮೆಕ್ಕೆಜೋಳದ ರೊಟ್ಟಿ ಕಲ್ಲಾಗುತ್ತಿತ್ತು. ನನ್ನ ಜಾಗ ಮಾತ್ರ, ಈಗಷ್ಟೇ ಯಾರೋ ಎದ್ದುಹೋದಂತೆ ಬೆಚ್ಚಗಿರುತ್ತಿತ್ತು.

"ಏನಕ್ಕಾ, ಲಂಗದೊಳಗೆ ಕೆಂಡ ಬಚ್ಚಿಟ್ಕೊಂಡಿದ್ದೀಯಾ?" ಎನ್ನುತ್ತಾ ಪಕ್ಕದ ಮನೆಯ ಟ್ಯಾಬಿತಾ ನನಗೆ ಒತ್ತಿಕೊಂಡು ಕೂತಳು.

"ಸುಮ್ನಿರೇ, ಬೋಧನೆ ಕೇಳು," ಎಂದೆ. ಹಾಯಾಗಿತ್ತು. ಎರಡು ಗಂಟೆಯ ಬೋಧನೆಯೂ ಸಾಲದು ಎನಿಸುತ್ತಿತ್ತು.

ಹುಳ ಹಿಡಿದಿದೆಯೆಂದು ಬಡಗಿ ನನ್ನ ಜಾಗದ ಹಲಗೆ ಕಿತ್ತು ಹೊಸದು ಹಾಕಿದ. ಅದೂ ಬೆಚ್ಚಗೇ ಇತ್ತು.

ಫೆಬ್ರವರಿಯಲ್ಲಿ, ಗಡೀಪಾರಾದ ಹೆಪ್ಜಿಬಾ ಹೋಗಿ ನೆಲೆಸಿದ್ದ ರೋಡ್ ಐಲೆಂಡಿನಿಂದ ತುಪ್ಪಳದ ವ್ಯಾಪಾರಿಯೊಬ್ಬ ಬಂದ. ಅವಳು ಹೇಗಿದ್ದಾಳೆಂದು ಕೇಳಿದೆ.

"ಚೆನ್ನಾಗಿದ್ದಾರಮ್ಮಾ. ಭಾನುವಾರ ಬೆಳಿಗ್ಗೆ ಮಾತ್ರ, ಒಲೆ ಪಕ್ಕದಲ್ಲೇ ಕೂತಿದ್ರೂ ಮೈಯೆಲ್ಲಾ ಮಂಜುಗಡ್ಡೆ ಆಗುತ್ತಂತೆ. ಎರಡು ಗಂಟೆ ಹೊತ್ತು. ಆಮೇಲೆ ತಾನಾಗೇ ಸರಿಹೋಗುತ್ತಂತೆ."

ಅಯ್ಯೋ ಪಾಪ ಎನಿಸಿತು, ನಿಜ. ಆದರೂ ಮುಂದಿನ ಭಾನುವಾರ ಬೇರೆ ಜಾಗ ಕೇಳಲಿಲ್ಲ. ಅಲ್ಲೇ ಹೋಗಿ ಕೂತೆ. ಬೆಚ್ಚಗಿತ್ತು.