ಮತ್ತೆ ಮತ್ತೆ ಸಡಿಲವಾದ ಕೇಬಲ್

"ಆಕ್ಸಿಲರೇಟರ್ ತಿರುಗಿಸಿದ್ರೆ ಗಾಡಿ ಯೋಚನೆ ಮಾಡ್ತದೆ ಕಣ್ರೀ..."

ಅವಳು ತಲೆಯೆತ್ತಿದಳು. ಗ್ಯಾರೇಜಿನ ಬಾಗಿಲಲ್ಲಿ ದುಂಡು ಕನ್ನಡಕದ ಯುವಕನೊಬ್ಬ ಬೈಕ್ ಹಿಡಿದು ನಿಂತಿದ್ದ.

"ಯೋಚನೆ ಮಾಡ್ತದಾ?"

"ಹೂಂ! ಹೋಗ್ಲೋ ಬೇಡ್ವೋ ಅಂತ ಯೋಚಿಸಿ ಆಮೇಲೆ ಹೊರಡ್ತದೆ. ಸಿಗ್ನಲ್‌ನಲ್ಲಿ ಹಿಂದಿನವರೆಲ್ಲ ಬಾಯಿಗೆ ಬಂದಂಗೆ ಬೈತಾರೆ."

ಉಕ್ಕಿ ಬಂದ ನಗುವನ್ನು ಅವಳು ಕಷ್ಟಪಟ್ಟು ನುಂಗಿಕೊಂಡಳು.

ಅಪ್ಪನಿಗೆ ಸೊಂಟ ಹಿಡಿದುಕೊಂಡ ಮೇಲೆ ಗ್ಯಾರೇಜಿನ ಕೆಲಸವೆಲ್ಲ ಅವಳ ಕೈಗೆ ಬಂದಿತ್ತು. ಅಪ್ಪ ಮೂಲೆಯ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಅವರದು ಒಂದೇ ಷರತ್ತು. "ನೀನು ಮಾಡಿದ ಗಾಡಿ ಅದೇ ತೊಂದರೆ ಹೊತ್ಕೊಂಡು ಎರಡು ಸಲ ವಾಪಸ್ ಬಂತೋ, ಪಾನಾ ಕೆಳಗಿಡು ಪುಟ್ಟಿ. ನಾನು ಬೇರೆ ಮೆಕ್ಯಾನಿಕ್‌ನ ಇಟ್ಕೋತೀನಿ."

ಅವಳಿಗೆ ಈ ಕೆಲಸವೆಂದರೆ ಪ್ರಾಣ. ಪಾನಾ ಕೆಳಗಿಡುವುದಾ? ಆ ಮಾತು ನೆನಪಾದಾಗಲೆಲ್ಲ ಒಂದೊಂದು ನಟ್ಟನ್ನೂ ಎರಡೆರಡು ಸಲ ಬಿಗಿದು ನೋಡುತ್ತಿದ್ದಳು.

ಏರ್ ಫಿಲ್ಟರ್ ಬಿಚ್ಚಿ ಧೂಳು ಕೊಡವಿದಳು. ಪ್ಲಗ್ ನೋಡಿದಳು, ಸರಿಯಿತ್ತು. ಕೊನೆಗೆ ಹ್ಯಾಂಡಲ್ ಹಿಡಿದು ಆಕ್ಸಿಲರೇಟರನ್ನು ಮೆಲ್ಲಗೆ ತಿರುಗಿಸಿದಳು.

"ನೋಡಿ, ಕೈ ಇಷ್ಟು ತಿರುಗಿದ್ರೂ ಒಳಗೆ ಕೇಬಲ್ ಎಳೀತಿಲ್ಲ. ಸಡಿಲ ಆಗಿದೆ. ನೀವು ಹೇಳಿದ್ದು ಎಂಜಿನ್‌ಗೆ ತಡವಾಗಿ ತಲುಪ್ತಿದೆ, ಅಷ್ಟೇ."

ಕೇಬಲ್ಲಿನ ಎಳೆತ ಹೊಂದಿಸುವ ಅಡ್ಜಸ್ಟರ್ ತಿರುಗಿಸಿ, ನಟ್ ಬಿಗಿದು, ಎಂಜಿನ್ ಶುರು ಮಾಡಿ, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಕಿವಿಗೊಟ್ಟಳು. ಸದ್ದು ಏರಲಿಲ್ಲ, ಇಳಿಯಲಿಲ್ಲ. ಕೇಬಲ್ ಸರಿಯಾಗಿ ಕೂತಿತ್ತು.

ಬೇರೆ ಗಿರಾಕಿಗಳಾಗಿದ್ದರೆ ಅಷ್ಟು ಹೊತ್ತೂ ಮೊಬೈಲ್ ತಿಕ್ಕುತ್ತಿದ್ದರು. ಈ ಪುಣ್ಯಾತ್ಮ ಕಣ್ಣು ಮಿಟುಕಿಸದೆ ಅವಳ ಕೈಗಳನ್ನೇ ನೋಡುತ್ತಿದ್ದ.

"ಕನ್ನಡಕದ ಅಂಗಡಿ ನಂದು. ಕೂದಲೆಳೆಯಷ್ಟು ಆಚೀಚೆ ಆದ್ರೂ ನನಗೆ ಗೊತ್ತಾಗ್ತದೆ. ನಿಮ್ಮ ಕೈ... ಅಬ್ಬಾ! ಎಷ್ಟು ಬೇಕೋ ಅಷ್ಟೇ ತಿರುಗ್ತದೆ!"

ಇದುವರೆಗೆ ಅವಳನ್ನು ಚೆಂದ ಎಂದವರಿದ್ದರು. ಅವಳ ಕೆಲಸವನ್ನು ಚೆಂದ ಎಂದವನು ಇವನೊಬ್ಬನೇ. ಆ ದಿನವೆಲ್ಲ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ!

ಮುಂದಿನ ವಾರ ಅವನು ಮತ್ತೆ ಬಂದ. ಅದೇ ತೊಂದರೆ.

'ನಾನು ಬಿಗಿದ ನಟ್ ಸಡಿಲ ಆಗೋದಾ? ಸಾಧ್ಯವೇ ಇಲ್ಲ!' ಮತ್ತೆ ಬಿಗಿದಳು. ಈ ಸಲ ಯಾರಿಗೂ ಹೇಳದೆ, ನಟ್ ಕದಲಿದರೆ ಗೊತ್ತಾಗಲೆಂದು, ನಟ್ಟಿನಿಂದ ಅಡ್ಜಸ್ಟರ್‌ವರೆಗೆ ಕೆಂಪು ಬಣ್ಣದ ಸಣ್ಣ ಗೆರೆ ಎಳೆದಳು.

ಆಮೇಲಿನ ವಾರವೂ ಬಂದ. ನಗುತ್ತಲೇ ಬಂದ. ಅವಳು ಬಗ್ಗಿ ನೋಡಿದಳು. ಗೆರೆ ಎರಡು ತುಂಡಾಗಿತ್ತು, ನಟ್ಟಿನ ಅಂಚಿನಲ್ಲಿ ಇಕ್ಕಳ ಕಚ್ಚಿದ ಗುರುತಿತ್ತು. ತಾನಾಗಿ ಸಡಿಲವಾದದ್ದಲ್ಲ, ಯಾರೋ ಕೈಯಾರೆ ತಿರುಗಿಸಿದ್ದು!

ನಮ್ಮ ಹುಡುಗಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ನೀವೇ ತಿರುಗಿಸಿದ್ದೀರಿ! ಹುಡುಗಿ ಕೈಲಿ ಏನಾಗ್ತದೆ ಅಂತ ಪರೀಕ್ಷೆನಾ? ಬಾಯಲ್ಲಿ ಅಷ್ಟು ಹೊಗಳಿ... ಛೀ!"

"ಇಲ್ಲ, ನಾನು..."

"ಇನ್ನೊಂದು ಸಲ ಈ ಬಾಗಿಲಿಗೆ ಬರಬೇಡಿ!"

ಅವನ ಮುಖ ಬಿಳಿಚಿಕೊಂಡಿತು. ಬೈಕ್ ತಳ್ಳಿಕೊಂಡು ಹೊರಟುಹೋದ.

ಮೂಲೆಯಿಂದ ಅಪ್ಪನ ದನಿ ಬಂತು. "ಎರಡು ಸಲ ವಾಪಸ್ ಬಂತು ಪುಟ್ಟಿ. ನಾಳೆ ಹೊಸಬ ಬರ್ತಾನೆ."

"ಅಪ್ಪಾ, ಅವನೇ ತಿರುಗಿಸಿದ್ದು! ನಾನು ಎಳೆದ ಗೆರೆ ತುಂಡಾಗಿತ್ತು..."

"ಅವನೇ ಅಂತ ಹೇಗೆ ಗೊತ್ತು, ಯಾಕೆ ಮಾಡಿದ ಅಂತ ಹೇಳು. ಆಗ ನಂಬ್ತೀನಿ."

ಅವಳು ನಲ್ಲಿಯ ಕೆಳಗೆ ಕೈಯೊಡ್ಡಿ, ಗ್ರೀಸ್ ತಿಕ್ಕುವ ನೆಪದಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಅಳು ಬಂದದ್ದು ಕೆಲಸ ಹೋಗುವುದಕ್ಕೋ, ಅವನು ಹೀಗೆ ಮಾಡಿದನಲ್ಲ ಎಂಬುದಕ್ಕೋ... ಅವಳಿಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಗ್ಯಾರೇಜಿನ ಮುಂದೆ ಆಟೊ ನಿಂತಿತು. ಬೆಳ್ಳಗಿನ ತುರುಬಿನ ಅಜ್ಜಿಯೊಬ್ಬರು ಇಳಿದು ಸೀದಾ ಅವಳ ಹತ್ತಿರ ಬಂದರು.

"ಕನ್ನಡಕದ ಹುಡುಗನ ಅಜ್ಜಿ ಕಣಮ್ಮ ನಾನು. ಆ ನಟ್ ತಿರುಗಿಸಿದವಳು ನಾನೇ."

"ನೀವಾ?!"

"ಮೊದಲನೇ ದಿನ ಇಲ್ಲಿಂದ ಬಂದವನು ರಾತ್ರಿ ಊಟ ಮುಗಿಯೋವರೆಗೂ ನಿನ್ನ ಕೆಲಸದ್ದೇ ಮಾತು. ಆ ಕೇಬಲ್ಲು ಎಲ್ಲಿದೆ, ಯಾವ ಕಡೆ ತಿರುಗಿಸಿದ್ರೆ ಬಿಗಿ, ಯಾವ ಕಡೆ ಸಡಿಲ... ಕೇಳಿ ಕೇಳಿ ನನಗೂ ಬಾಯಿಪಾಠ ಆಯ್ತು! ಉಳಿದ ದಿನ ಬರೀ ಹೂಂ, ಉಹೂಂ. ಇಲ್ಲಿಗೆ ಬಂದು ಹೋದ ದಿನ ಮಾತ್ರ ಮನೆ ತುಂಬ ಮಾತು. ಅದಕ್ಕೇ ಅವನು ಸ್ನಾನಕ್ಕೆ ಹೋದಾಗ ಇಕ್ಕಳ ಹಿಡ್ಕೊಂಡು..."

ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ಅಮ್ಮಾ, ನಿಮ್ಮಿಂದ ನನ್ನ ಮಗಳ ಕೆಲಸಕ್ಕೇ ಸಂಚಕಾರ ಬಂದಿತ್ತಲ್ರೀ!"

"ಅಯ್ಯೋ, ನನಗೇನಪ್ಪ ಗೊತ್ತು? ಮೊಮ್ಮಗ ನಿನ್ನೆ 'ನಟ್ ನಾನೇ ತಿರುಗಿಸ್ದೆ ಅಂತ ಬೈದ್ರು' ಅಂದವನು ಆಮೇಲೆ ಹೂಂ ಅನ್ನೋದನ್ನೂ ಬಿಟ್ಟಿದ್ದಾನೆ. ಹೊಟ್ಟೆಗೆ ಹಾಕ್ಕೊಳ್ಳಿ."

ಅಪ್ಪ ಫೋನ್ ತೆಗೆದು ಹೊಸ ಮೆಕ್ಯಾನಿಕ್‌ಗೆ ಬರುವುದು ಬೇಡವೆಂದರು. ಆಮೇಲೆ ಮಗಳ ಕಡೆ ನೋಡಿದರು. "ನಂಬಬೇಕಿತ್ತು ಪುಟ್ಟಿ. ಗ್ಯಾರೇಜ್ ನಿಂದೇ."

ಅವಳು ಅಜ್ಜಿಯಿಂದ ಅಂಗಡಿಯ ವಿಳಾಸ ಕೇಳಿಕೊಂಡಳು. ಕಣ್ಣೊರೆಸಿಕೊಂಡು ಹೆಲ್ಮೆಟ್ ಹುಡುಕಿದಳು. ಕನ್ನಡಕದ ಅಂಗಡಿಯ ಬಾಗಿಲಲ್ಲಿ ಅವಳನ್ನು ಕಂಡದ್ದೇ, ಅವನ ಕೈಯಲ್ಲಿದ್ದ ಫ್ರೇಮ್ ಜಾರಿ ಮೇಜಿನ ಮೇಲೆ ಬಿತ್ತು.

"ನಟ್ ತಿರುಗಿಸಿದ್ದು ತಾನೇ ಅಂತ ನಿಮ್ಮಜ್ಜಿ ಬಂದು ಹೇಳಿದ್ರು. ವಿಚಾರಿಸದೆ ಬಾಯಿಗೆ ಬಂದಂಗೆ ಅಂದುಬಿಟ್ಟೆ. ತಪ್ಪಾಯ್ತು."

"ನಂದೂ ತಪ್ಪಿದೆ. ಗಾಡಿ ಮತ್ತೆ ಕೆಟ್ಟಿದ್ದಕ್ಕೆ ಬೇಜಾರಾಗಬೇಕಿತ್ತು, ನನಗೆ ಖುಷಿಯಾಯ್ತು. ಆಗಲೇ ಹೇಳಬೇಕಿತ್ತು... ನೀವಂದ್ರೆ ನನಗೆ ತುಂಬ ಇಷ್ಟ. ನಿಮ್ಮ ಕೆಲಸ, ನಿಮ್ಮ ಕೋಪ, ಎಲ್ಲಾ."

ಅವಳು ತಲೆತಗ್ಗಿಸಿದಳು. ಮುಖ ಕಿವಿಯವರೆಗೂ ಕೆಂಪೇರಿತು. ಮೇಜಿನ ಮೇಲೆ ಬಿದ್ದಿದ್ದ ಫ್ರೇಮನ್ನು ಎತ್ತಿ ಅವನ ಕೈಗಿಟ್ಟಳು.

"ಇನ್ನು ಅಜ್ಜಿ ನಟ್ ಮುಟ್ಟಲ್ಲ. ಗಾಡಿ ಕೆಡಲ್ಲ. ನಾಳೆ ಏನು ಹೇಳ್ಕೊಂಡು ಬರ್ಲಿ?" ಅವನು ಮೆಲ್ಲಗೆ ಕೇಳಿದ.

"ನನ್ನ ನೋಡೋಕೆ ಬಂದೆ ಅನ್ನಿ."

"ನಿಮ್ಮಪ್ಪ ಇರ್ತಾರಲ್ಲ?"

"ಅವರಿಗೂ ಅದನ್ನೇ ಹೇಳಿ..." ಎಂದಳು ಅವಳು. "ನಾನು ಪಕ್ಕದಲ್ಲೇ ನಿಂತಿರ್ತೀನಿ."