ಓರ್ಮ್‌ಗಾರ್ತ್ ಸಾಲಿನ ಇಪ್ಪತ್ತಮೂರು ಕಲ್ಲುಗಳು

"ಕಲ್ಲು ಅಂತ ಬರೀಬೇಡ! ಎಷ್ಟು ಸಲ ಹೇಳ್ಲಿ ನಿನಗೆ? ಹಾಳಾಗಿರೋದು ಕಲ್ಲಲ್ಲ, ಹೆಸರು!"

"ಮೇಷ್ಟ್ರೇ, ಹೆಸರು ಹಾಳು ಮಾಡಿದ್ರು ಅಂತ ಕಾನೂನಲ್ಲಿ ಕಲಮೇ ಇಲ್ಲ. ಕಲ್ಲಿಗಾದ್ರೆ ಇದೆ."

"ನಿನ್ನ ಕಾನೂನನ್ನ ಒಲೆಗೆ ಹಾಕು! ಮುನ್ನೂರು ವರ್ಷದ ಹೆಸರಯ್ಯಾ ಅದು! ನಿನಗೆ ಏಳರ ಮಗ್ಗಿ ಕಲಿಸೋಕೆ ಎರಡು ವರ್ಷ ತಗೊಂಡೆ, ವಿಲ್ಫ್ ಡೆಂಟ್. ನೀನು ಯಾವ ಮಟ್ಟದವನು ಅಂತ ಆಗಲೇ ತಿಳ್ಕೋಬೇಕಿತ್ತು."

"ಮಗ್ಗಿ ಈಗ ಬರುತ್ತೆ ಮೇಷ್ಟ್ರೇ. ಪಕ್ಕದಲ್ಲಿ ನಿಂತು ಕಿರುಚಿದ್ರೆ ಕೈ ಓಡಲ್ಲ, ಅಷ್ಟೇ."

1994ರ ನವೆಂಬರ್ 20, ಭಾನುವಾರ, ಮಧ್ಯಾಹ್ನ 12-20. ಗದ್ದಲ ಕೇಳಿ ಇನ್ಸ್‌ಪೆಕ್ಟರ್ ಮೇವಿಸ್ ರೂಕ್ ಒಳಕೋಣೆಯಿಂದ ಎದ್ದು ಬಂದಳು. ಕಾನ್‌ಸ್ಟೆಬಲ್ ಡೆಂಟ್ ಬೆವರುತ್ತಿದ್ದ. ಅವನ ಎದುರು ಠಾಣೆಯ ಮೇಜನ್ನು ಗುದ್ದುತ್ತ ನಿಂತಿದ್ದವರು ಕತ್ಬರ್ಟ್ ಓರ್ಮ್‌ಗಾರ್ತ್. ಅರವತ್ತೊಂಬತ್ತು ವರ್ಷ, ಥಾರ್ನ್‌ಡೇಲ್ ಕಣಿವೆಯ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯರು, ಓರ್ಮ್‌ಗಾರ್ತ್ ಹೆಸರಿನವರ ಸಂಘದ ಅಧ್ಯಕ್ಷರು. ಬೆಳಗಿನ ಪ್ರಾರ್ಥನೆಗೆಂದು ಚರ್ಚಿಗೆ ಹೋದವರು ಸಮಾಧಿಗಳಿರುವ ಅಂಗಳ ನೋಡಿ, ಪ್ರಾರ್ಥನೆ ಬಿಟ್ಟು, ಒಂಬತ್ತು ಮೈಲಿ ಕಾರು ಓಡಿಸಿಕೊಂಡು ಠಾಣೆಗೆ ಬಂದಿದ್ದರು.

"ಯಾರ ಮೇಲೆ ಅನುಮಾನ?" ಮೇವಿಸ್ ಕೇಳಿದಳು.

"ಪಟ್ಟಣದ ಪುಂಡರು. ಮತ್ತ್ಯಾರು?"

"ನೋಡೋಣ," ಎಂದು ಅವಳು ಕೋಟು ಹಾಕಿಕೊಂಡಳು.

ಸ್ಥಳ ಪಂಚನಾಮೆ ಶುರುವಾದದ್ದು 2-10ಕ್ಕೆ. ಪಂಚರಾಗಿ ಪಾದ್ರಿ ಮತ್ತು ಗುಂಡಿ ತೋಡುವವನು ನಿಂತರು. ಚರ್ಚಿನ ಉತ್ತರದ ಗೋಡೆಗುಂಟ ಒಂದೇ ಸಾಲಿನಲ್ಲಿ ಇಪ್ಪತ್ತನಾಲ್ಕು ಸಮಾಧಿಗಲ್ಲುಗಳಿದ್ದವು. ಅಂಗಳವೆಲ್ಲ ತುಂಬಿಹೋಗಿತ್ತು, ಜಾಗ ಉಳಿದಿದ್ದದ್ದು ಆ ಸಾಲಿನ ತುದಿಯಲ್ಲಿ ಮಾತ್ರ. ಸಾಲು ಓರ್ಮ್‌ಗಾರ್ತ್‌ಗಳದ್ದು. ಸಂಘದ ಪತ್ರವಿಲ್ಲದೆ ಅಲ್ಲಿ ಯಾರನ್ನೂ ಮಣ್ಣು ಮಾಡುವಂತಿರಲಿಲ್ಲ.

ಇಪ್ಪತ್ತಮೂರು ಕಲ್ಲುಗಳ ಮೇಲೆ ಉಳಿಯ ಕೆಲಸ ನಡೆದಿತ್ತು. ಜಾನ್ ಹಾಗೇ ಇದ್ದ, ಎಲಿಜಬೆತ್ ಹಾಗೇ ಇದ್ದಳು, ಹುಟ್ಟಿದ ಸತ್ತ ತಾರೀಖುಗಳೂ ಇದ್ದವು. ಮನೆತನದ ಹೆಸರಿದ್ದ ಕಡೆ ಮಾತ್ರ ಬೆರಳ ದಪ್ಪದಷ್ಟು ಆಳದ ಗುಳಿ.

"ಪುಂಡರಾಗಿದ್ರೆ ಕಲ್ಲನ್ನೇ ಉರುಳಿಸ್ತಿದ್ರು. ಇವನು ಒಂದೊಂದು ಕಲ್ಲಿಗೂ ಹತ್ತು ನಿಮಿಷ ಕೊಟ್ಟಿದಾನೆ. ಇದು ತೀಟೆ ಅಲ್ಲ ಡೆಂಟ್, ಹಗೆ."

ಇಪ್ಪತ್ತನಾಲ್ಕನೆಯ ಕಲ್ಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಐಸಾಕ್ ಓರ್ಮ್‌ಗಾರ್ತ್, ಮರಣ 1840. ಸಾಲಿನ ನಡುವೆ ಇದ್ದ ಕಲ್ಲು, ಕಣ್ತಪ್ಪಿ ಉಳಿಯುವಂಥದ್ದಲ್ಲ. ಮೇವಿಸ್ ಅದನ್ನು ಬರೆಸಿದಳು. ಇನ್ನೊಂದು ಸಂಗತಿಯನ್ನೂ ಬರೆಸಿದಳು. ಒಡೆದ ಪ್ರತಿ ಕಲ್ಲಿನ ಎಡಬದಿಯಲ್ಲಿ, ಕೆಳಗೆ, ಕೆಂಪು ಬಣ್ಣದ ಎರಡು ಅಡ್ಡಗೀಟುಗಳಿದ್ದವು. ಐಸಾಕನ ಕಲ್ಲಿನ ಮೇಲೆ ಅದೂ ಇರಲಿಲ್ಲ.

"ಏನಿದು? ಯಾವುದಾದ್ರೂ ಗುಂಪಿನ ಚಿಹ್ನೆಯಾ?"

ಡೆಂಟ್ ಕುಕ್ಕರಗಾಲಲ್ಲಿ ಕೂತು ಬಣ್ಣವನ್ನು ಉಗುರಿನಿಂದ ಕೆರೆದು ಮೂಸಿದ. ಅವನ ಮುಖ ಸಣ್ಣಗಾಯಿತು. ಕುರಿಗಾರನ ಮಗ ಅವನು.

"ಇದು ಕುರಿಗೆ ಹಾಕೋ ಬಣ್ಣ, ಮೇಡಂ. ದೊಡ್ಡಿಯಲ್ಲಿ ಒಂದೊಂದೇ ಕುರಿ ಹಿಡಿದು ಔಷಧಿ ಕುಡಿಸ್ತೀವಲ್ಲ, ಆಗ ಮುಗಿದಿದ್ದಕ್ಕೆ ಒಂದು ಗುರುತು ಹಾಕಿ ಬಿಡ್ತೀವಿ. ಇಲ್ದಿದ್ರೆ ಕುಡಿಸಿದ್ದಕ್ಕೇ ಮತ್ತೆ ಕುಡಿಸ್ಬಿಡ್ತೀವಿ."

"ಅಂದ್ರೆ ಇವನು ಮುಗಿಸಿದ ಕಲ್ಲಿಗೆ ಗುರುತು ಹಾಕ್ಕೊಂಡು ಹೋಗಿದಾನೆ?"

"ನಿನ್ನೆ ಮಂಜು ಹಾಗಿತ್ತು. ಎರಡು ಮಾರು ದೂರ ಕಾಣ್ತಿರಲಿಲ್ಲ."

"ನಿನ್ನೆ ಅಂತ ಹೇಗೆ ಹೇಳ್ತೀಯ?"

"ನಿನ್ನೆ ಕುರಿಗಾರರ ಕೂಟ ಇತ್ತಲ್ಲ ಮೇಡಂ. ತಪ್ಪಿಸಿಕೊಂಡ ಕುರಿಗಳನ್ನೆಲ್ಲ ತಂದು ಅವರವರಿಗೆ ಒಪ್ಪಿಸೋ ದಿನ. ಇಡೀ ಕಣಿವೆ ಹೆಂಡದಂಗಡಿ ಹತ್ರ ಇತ್ತು, ಇಲ್ಲಿಗೆ ಒಂದು ಮೈಲಿ. ಉಳಿ ಅಲ್ಲ, ಮದ್ದುಗುಂಡು ಹಾರಿಸಿದ್ರೂ ಯಾರಿಗೂ ಕೇಳ್ತಿರಲಿಲ್ಲ."

ಕಣಿವೆಯ ಪ್ರತಿ ಫಾರ್ಮಿನ ಕುರಿಗುರುತು ಅಚ್ಚಾಗಿರುವ ಪುಸ್ತಕವೊಂದಿದೆ. ಬೆಟ್ಟಕ್ಕೆ ಬೇಲಿಯಿಲ್ಲ. ಯಾರ ಕುರಿ ಯಾರದ್ದು ಎಂದು ಹೇಳುವುದು ಆ ಪುಸ್ತಕವೇ. ಸೋಮವಾರ ಬೆಳಿಗ್ಗೆ 8-45ಕ್ಕೆ ಡೆಂಟ್ ತನ್ನ ಅಪ್ಪನ ಪ್ರತಿಯನ್ನು ತಂದು ಮೇಜಿನ ಮೇಲಿಟ್ಟ. ತೆರೆಯಲಿಲ್ಲ.

"ತೆಗಿ," ಎಂದಳು ಮೇವಿಸ್.

"ಪುಟ ಮೂವತ್ತೊಂದು, ಮೇಡಂ. ನೀವೇ ನೋಡಿ. ಅವನು ನನ್ನ ಜೊತೆ ಓದಿದವನು."

ಪುಟದಲ್ಲಿ ಒಂದು ಕುರಿಯ ಚಿತ್ರವಿತ್ತು. ಎಡ ಸೊಂಟದ ಮೇಲೆ ಎರಡು ಕೆಂಪು ಗೀಟು. ಹೈ ನಾಟ್ ಫಾರ್ಮ್, ನೆಡ್ ಬರ್ಕೆಟ್.

ವಿಚಾರಣೆ ಮಾಡಿದರು. ನೆಡ್ ಬರ್ಕೆಟ್, ಐವತ್ತು ವರ್ಷ, ಒಂಟಿ. ಕುರಿ ಸಾಕುತ್ತಾನೆ, ಬಿಡುವಿನಲ್ಲಿ ಕಲ್ಲುಗೋಡೆ ಕಟ್ಟುತ್ತಾನೆ. ಶನಿವಾರ 11 ಗಂಟೆಗೆ ಕೂಟಕ್ಕೆ ಬಂದು ನಾಲ್ಕು ಕುರಿ ಒಪ್ಪಿಸಿದ್ದನ್ನು ಎಲ್ಲರೂ ನೋಡಿದ್ದರು. ಸಂಜೆ 4ಕ್ಕೆ ಮಾಂಸ ಆಲೂಗಡ್ಡೆಯ ಊಟಕ್ಕೆ ಕೂತಾಗಲೂ ನೋಡಿದ್ದರು, ಎರಡು ತಟ್ಟೆ ಖಾಲಿ ಮಾಡಿದನಂತೆ. ನಡುವಿನ ಐದು ತಾಸು ಅವನನ್ನು ನೋಡಿದವರು ಒಬ್ಬರೂ ಇರಲಿಲ್ಲ.

ಆದರೆ ಕೆಂಪು ಬಣ್ಣದ ಡಬ್ಬಿಯನ್ನು ಯಾರು ಬೇಕಾದರೂ ಕದಿಯಬಹುದು. ಬರ್ಕೆಟ್‌ಗೆ ಓರ್ಮ್‌ಗಾರ್ತ್‌ಗಳ ಮೇಲೆ ಏನು ಹಗೆ? ಅದು ಸಿಗದೆ ಕೈ ಹಾಕಬಾರದು ಎಂದು ಮೇವಿಸ್ ಮಧ್ಯಾಹ್ನ 3ಕ್ಕೆ ಮೇಷ್ಟರ ಮನೆಗೆ ಹೋದಳು.

ಕೂರಲು ಹೇಳುವ ಮೊದಲೇ ಮೇಷ್ಟರು ಗೋಡೆಯ ಭೂಪಟದ ಮುಂದೆ ನಿಂತರು. 1881ರ ಜನಗಣತಿಯಲ್ಲಿ ಓರ್ಮ್‌ಗಾರ್ತ್ ಹೆಸರಿದ್ದವರು ನಲವತ್ತೊಂದು ಜನ. ನಲವತ್ತೊಂದು ಕಪ್ಪು ಚುಕ್ಕೆ. ಎಲ್ಲವೂ ಥಾರ್ನ್‌ಡೇಲ್ ಕಣಿವೆಯೊಳಗೆ, ಒಂದು ಅಂಗೈಯಗಲದ ಜಾಗದಲ್ಲಿ. ಉಳಿದ ಇಂಗ್ಲೆಂಡ್ ಬರೀ ಬಿಳಿ ಕಾಗದ.

"ಕಣಿವೆಯ ತಲೆಯಲ್ಲಿರೋ ಓರ್ಮ್‌ಗಾರ್ತ್ ಅನ್ನೋ ಹೊಲಮನೆಯಿಂದ ಬಂದ ಹೆಸರು, ಇನ್ಸ್‌ಪೆಕ್ಟರ್. ಬೇರೆ ಹೆಸರುಗಳನ್ನ ನೋಡಿ, ಮಳೆನೀರಿನ ಹಾಗೆ ಎಲ್ಲೆಲ್ಲೋ ಹರಿದು ಹೋಗಿವೆ. ನಮ್ಮದು ಒಂದೇ ಒಂದು ಚುಕ್ಕೆ ಕಣಿವೆ ದಾಟಿಲ್ಲ. ಇದನ್ನ ತೋರಿಸೋಕೆ ಹದಿನಾಲ್ಕು ವರ್ಷ ಕೂತು ಪುಸ್ತಕ ಬರೆದೆ."

"ಪುಸ್ತಕದಲ್ಲಿ ಇಲ್ಲದ ಓರ್ಮ್‌ಗಾರ್ತ್ ಯಾರಾದ್ರೂ ಇದಾರಾ?"

"ಇಲ್ಲ."

"ಈ ವರ್ಷ ಸಾಲಿನಲ್ಲಿ ಜಾಗ ಕೇಳಿ, ನೀವು ಇಲ್ಲ ಅಂದದ್ದು ಯಾರಿಗಾದ್ರೂ?"

ಮೇಷ್ಟರು ಕನ್ನಡಕ ತೆಗೆದು ಒರೆಸತೊಡಗಿದರು.

"ಮೇ ತಿಂಗಳಲ್ಲಿ ಒಬ್ಬ ಮುದುಕಿ. ಹ್ಯಾನ. ತವರಿನ ಹೆಸರು ಓರ್ಮ್‌ಗಾರ್ತ್ ಅಂತ ಹೇಳ್ಕೋತಿದ್ಲು. ಹೊರಗಿನಿಂದ ಕೂಲಿಗೆ ಬಂದವಳು. ದಾಖಲೆ ಇರಲಿಲ್ಲ."

"ಗಂಡನ ಮನೆ ಹೆಸರು?"

"ಬರ್ಕೆಟ್."

"ಇದನ್ನ ನಿನ್ನೆ ಯಾಕೆ ಹೇಳಲಿಲ್ಲ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

ಮೇವಿಸ್‌ಗೆ ಸಿಟ್ಟು ನೆತ್ತಿಗೇರಿತು. ಪುಸ್ತಕದಲ್ಲಿ ಮೂರು ಶತಮಾನದ ಸಂಬಂಧ ಹುಡುಕಿದ ಮನುಷ್ಯ, ಎದುರಿಗಿದ್ದ ಸಂಬಂಧ ಕಾಣುವುದಿಲ್ಲ ಎನ್ನುತ್ತಿದ್ದಾನೆ. ಅವಳು ಚಹಾ ಮುಟ್ಟದೆ ಎದ್ದಳು.

ಮಂಗಳವಾರ ಡೆಂಟ್ ಇಪ್ಪತ್ತೇಳು ಮೈಲಿ ದೂರದ ಕೆಂಡಲ್ ಪಟ್ಟಣಕ್ಕೆ ಹೋಗಿ, ದಾಖಲೆ ಕಚೇರಿಯಲ್ಲಿ 1881ರ ಗಣತಿಯ ಮೈಕ್ರೋಫಿಲ್ಮ್ ಸುರುಳಿಗಳನ್ನು ಇಡೀ ದಿನ ತಿರುಗಿಸಿದ. ಸಂಜೆ 5-30ಕ್ಕೆ ಎರಡು ನಕಲು ತಂದ.

ಮೊದಲನೆಯದು ಕಣಿವೆಯ ಹೊರಗೆ, ಕೆಂಡಲ್‌ನಲ್ಲಿ, ಗತಿಯಿಲ್ಲದ ಬಡವರನ್ನು ದುಡಿಸಿ ಅನ್ನ ಹಾಕುತ್ತಿದ್ದ ದುಡಿಮೆಮನೆಯ ಪುಟ. ಮಾರ್ಗರೆಟ್ ಓರ್ಮ್‌ಗಾರ್ತ್, ನಲವತ್ತಮೂರು, ಅವಿವಾಹಿತೆ, ಹುಟ್ಟೂರು ಥಾರ್ನ್‌ಡೇಲ್. ಅವಳ ಕೆಳಗೆ ಮಗ ಥಾಮಸ್, ಒಂಬತ್ತು ವರ್ಷ. ಚರ್ಚಿನ ಪುಸ್ತಕದೊಂದಿಗೆ ಹೋಲಿಸಿದಾಗ ಎಲ್ಲ ಕೂಡಿಕೊಂಡಿತು. ಮಾರ್ಗರೆಟ್ ಐಸಾಕನ ಮಗಳು. ಅವಳು ಬಸುರಿಯಾಗಿ ಮನೆಯಿಂದ ಹೊರಬಿದ್ದಾಗ ಯಜಮಾನನಾಗಿದ್ದವನು ಅವಳ ಅಣ್ಣ ಜಾನ್, ಕತ್ಬರ್ಟ್ ಮೇಷ್ಟರ ಮುತ್ತಜ್ಜ. ಥಾಮಸ್‌ನ ಮಗಳು ಹ್ಯಾನ. ಹ್ಯಾನಳ ಮಗ ನೆಡ್.

ಎರಡನೆಯ ನಕಲು ಕಚೇರಿಯ ಸಹಿಪುಸ್ತಕದ್ದು. ಆ ಸುರುಳಿಯನ್ನು ಡೆಂಟ್‌ಗಿಂತ ಮೊದಲು ತೆಗೆಸಿ ನೋಡಿದ್ದವರು ಒಬ್ಬರೇ. 1989ರ ಮಾರ್ಚ್ 7. ಕೆಳಗೆ ನೇರವಾದ, ಮೇಷ್ಟರ ಕೈಯ ಸಹಿ: ಕತ್ಬರ್ಟ್ ಓರ್ಮ್‌ಗಾರ್ತ್.

"ಪುಸ್ತಕ ಅಚ್ಚಾಗಿದ್ದು ತೊಂಬತ್ತರಲ್ಲಿ," ಎಂದ ಡೆಂಟ್. "ಗೊತ್ತಿದ್ದೂ ಬಿಟ್ಟಿದಾರೆ, ಮೇಡಂ. ನಮಗೆ ಲೆಕ್ಕದಲ್ಲಿ ಒಂದು ಬಿಟ್ಟುಹೋದ್ರೆ ಬೆತ್ತದಲ್ಲಿ ಕೊಡ್ತಿದ್ರು."

ನವೆಂಬರ್ 23, ಬುಧವಾರ, ಬೆಳಿಗ್ಗೆ 10-40. ಹೈ ನಾಟ್ ಫಾರ್ಮಿನ ದೊಡ್ಡಿಯಲ್ಲಿ ನೆಡ್ ಬರ್ಕೆಟ್ ಕುರಿಗಳಿಗೆ ಔಷಧಿ ಕುಡಿಸುತ್ತಿದ್ದ. ಮೇವಿಸ್ ದೊಡ್ಡಿಯ ಕಲ್ಲುಗೋಡೆಗೆ ಒರಗಿ ನೋಡಿದಳು. ಕುರಿಯನ್ನು ತೊಡೆ ನಡುವೆ ಅದುಮುತ್ತಾನೆ, ಬಾಯಿ ತೆರೆಸಿ ಸುರಿಯುತ್ತಾನೆ, ಡಬ್ಬಿಯಲ್ಲಿ ಕೋಲದ್ದಿ ಎಡ ಸೊಂಟಕ್ಕೆ ಎರಡು ಗೀಟು ಎಳೆದು ಬಿಡುತ್ತಾನೆ. ಗೀಟೆಳೆಯುವಾಗ ಅವನ ಕಣ್ಣು ಆಗಲೇ ಮುಂದಿನ ಕುರಿಯ ಮೇಲಿರುತ್ತಿತ್ತು. ಹನ್ನೊಂದು ಕುರಿ ಹೀಗೇ ಹೋದವು.

"ಏನವ್ವಾ, ಕುರಿ ಬೇಕಾ, ನಾನು ಬೇಕಾ?" ಅವನು ತಲೆಯೆತ್ತದೆ ಕೇಳಿದ.

"ನಿನ್ನ ಕೈ ನೋಡ್ತಿದ್ದೆ." ಅವಳು ಕಲ್ಲುಗಳ ಫೋಟೋಗಳನ್ನು ಗೋಡೆಯ ಮೇಲೆ ಸಾಲಾಗಿ ಇಟ್ಟಳು.

ನೆಡ್ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದ. ಮೊದಲನೆಯದು, ಎರಡನೆಯದು, ಮೂರನೆಯದು. ಆಮೇಲೆ ಗಹಗಹಿಸಿ ನಕ್ಕ.

"ಥೂ ಇವನ! ನಮ್ಮ ಮನೆ ಗುರುತನ್ನೇ ಹಾಕಿದೀನಾ? ಮಂಜು ಇತ್ತು, ಮಾಡಿದ್ದೇ ಮತ್ತೆ ಮಾಡ್ಬಾರ್ದು ಅಂತ ಡಬ್ಬಿ ತಗೊಂಡೋಗಿದ್ದೆ. ಏನೋ ಒಂದು ಚುಕ್ಕೆ ಇಡೋಣ ಅಂತಿದ್ದೆ. ತಲೆ ತುಂಬ ಅವ್ವನೇ ಇದ್ಲು. ಕೈ ತನ್ನ ಪಾಡಿಗೆ ತಾನು ಮಾಡ್ಕೊಂಡು ಹೋಗಿದೆ." ಅವನು ಡೆಂಟ್ ಕಡೆ ತಿರುಗಿದ. "ನೀನೇ ತಾನೇ ಹಿಡಿದಿದ್ದು? ಈ ಅಮ್ಮಣ್ಣಿಗೆ ಕುರಿ ಯಾವುದು ಆಡು ಯಾವುದು ಅಂತಲೇ ಗೊತ್ತಿರಲ್ಲ."

ಡೆಂಟ್ ಫೋಟೋಗಳನ್ನು ಒಟ್ಟುಮಾಡತೊಡಗಿದ.

"ಬೇಜಾರಾಗ್ಬೇಡ ಬಿಡೋ. ಯಾರಾದ್ರೂ ಹಿಡೀಲೇಬೇಕಿತ್ತು."

"ಯಾಕೆ ಮಾಡಿದೆ?" ಮೇವಿಸ್ ಕೇಳಿದಳು.

ನೆಡ್‌ನ ನಗು ಅಲ್ಲಿಗೆ ನಿಂತಿತು. "ಮೂವತ್ತೊಂದು ವರ್ಷ ಕಣವ್ವಾ. ಪ್ರತಿ ಆಗಸ್ಟಲ್ಲೂ ಆ ಹೆಸರಿನವರ ಕೂಟಕ್ಕೆ ಅವ್ವ ಶುಂಠಿ ಕೇಕು ಮಾಡ್ಕೊಂಡು ಹೋಗೋಳು. ಒಂದು ಮೂಲೇಲಿ ಕೂರೋಳು, ತಟ್ಟೆ ತೊಳೆದುಕೊಟ್ಟು ಬರೋಳು. ಪುಸ್ತಕ ಬಂದ ವರ್ಷ ಆ ಮೇಷ್ಟ್ರು ಬಾಗಿಲಲ್ಲೇ ನಿಂತು, ಎಲ್ಲರೆದುರು, 'ಇದು ಓರ್ಮ್‌ಗಾರ್ತ್‌ಗಳ ಊಟ, ನೀವು ಪುಸ್ತಕದಲ್ಲಿಲ್ಲ' ಅಂದ. ಕೇಕಿನ ಡಬ್ಬಿ ಹಾಗೇ ಎತ್ಕೊಂಡು ಬಂದ್ಲು. ನಾಯಿಗೂ ಹಾಕಲಿಲ್ಲ, ಒಲೆಗೆ ಹಾಕಿದ್ಲು."

"ಆಮೇಲೆ?"

"ನನ್ನಪ್ಪ ಯುದ್ಧದಲ್ಲಿ ಸಮುದ್ರದ ಪಾಲಾದೋನು, ಅವನಿಗೆ ಗೋರಿ ಇಲ್ಲ. ಅದಕ್ಕೇ ಮುತ್ತಾತ ಐಸಾಕನ ಸಾಲಲ್ಲಿ ಮಲಗಿಸು ಅಂತ ಕೇಳಿದ್ಲು. ಅದೊಂದೇ ಕೇಳಿದ್ದು. ಪತ್ರ ಕೊಡಲಿಲ್ಲ. ಈಗ ಪಟ್ಟಣದ ಬಸ್ ನಿಲ್ದಾಣದ ಹಿಂದೆ ಮಲಗಿದಾಳೆ, ಯಾರ್ಯಾರೋ ಗೊತ್ತಿಲ್ಲದವರ ನಡುವೆ. ನಮ್ಮವ್ವನಿಗೆ ಆ ಹೆಸರು ಇಲ್ಲ ಅಂದ್ರೆ ಅವರಿಗೂ ಬೇಡ. ಬೆಳಗಾಗೆದ್ದು ಆ ಗುಳಿಗಳನ್ನ ನೋಡ್ಕೊಂಡೇ ಸಾಯ್ಲಿ."

"ತಪ್ಪು ಅನಿಸಲ್ವಾ?"

"ಐಸಾಕನ್ನ ಮುಟ್ಟಿಲ್ಲ ನಾನು. ಉಳಿದವರ ಹತ್ರ ನನಗೇನೂ ಕೆಲಸ ಇಲ್ಲ."

11-05ಕ್ಕೆ ಬಂಧನ. ಉಳಿ ಮತ್ತು ಸುತ್ತಿಗೆಯನ್ನು ಅವನೇ ಕೊಟ್ಟಿಗೆಯಿಂದ ತಂದುಕೊಟ್ಟ. ಉಳಿದ ಹದಿನಾಲ್ಕು ಕುರಿಗಳಿಗೆ ಔಷಧಿ ಕುಡಿಸಿಯೇ ಬರುತ್ತೇನೆ ಎಂದು ಹಟ ಹಿಡಿದ. ಡೆಂಟ್ ಕೋಟು ಬಿಚ್ಚಿ ದೊಡ್ಡಿಗಿಳಿದ. ಮೇವಿಸ್ ಬೇರೆ ಕಡೆ ನೋಡುತ್ತ ನಿಂತಳು.

ಮಧ್ಯಾಹ್ನ 2-30ಕ್ಕೆ ದೂರುದಾರರ ಹೇಳಿಕೆಗೆ ಸಹಿ ಹಾಕಲು ಮೇಷ್ಟರನ್ನು ಕರೆಸಿದರು. ಗೆದ್ದವರ ಹಾಗೆ ಬಂದು, ಟೋಪಿ ತೆಗೆದು ಮೇಜಿನ ಮೇಲಿಟ್ಟು, ಬೆಂಚಿನ ಮೇಲಿದ್ದ ನೆಡ್‌ನನ್ನು ನೋಡಿದರು.

"ಹೊರಗಿನವರ ಬುದ್ಧಿ," ಎಂದರು.

ಮೇವಿಸ್ ಎರಡೂ ನಕಲುಗಳನ್ನು ಅವರ ಮುಂದಿಟ್ಟಳು. "ಸಹಿ ಹಾಕೋ ಮುಂಚೆ ಓದಿ. ಇವೂ ಕಡತದಲ್ಲಿ ಸೇರಿವೆ. ಅಪರಾಧಕ್ಕೆ ಕಾರಣ ಅಂತ ಕೋರ್ಟಿನಲ್ಲಿ ಗಟ್ಟಿಯಾಗಿ ಓದ್ತಾರೆ."

ಮೇಷ್ಟರು ಮೊದಲನೆಯದನ್ನು ಓದಿದರು. ಎರಡನೆಯದರಲ್ಲಿ ತಮ್ಮದೇ ಸಹಿಯ ಮೇಲೆ ಬೆರಳಿಟ್ಟರು.

"ಎರಡೇ ಎರಡು ಚುಕ್ಕೆ," ಎಂದರು ತುಂಬ ತಗ್ಗಿದ ದನಿಯಲ್ಲಿ. "ಅದೂ ದುಡಿಮೆಮನೆಯಲ್ಲಿ. ಅವನ್ನಿಟ್ಟಿದ್ರೆ ಇಡೀ ಭೂಪಟ… ಇನ್ಸ್‌ಪೆಕ್ಟರ್, ನಾನು ದೂರು ವಾಪಸ್ ತಗೋತೀನಿ."

"ಆಗಲ್ಲ. ಚರ್ಚಿನವರೂ ಬೆಳಿಗ್ಗೆ ದೂರು ಕೊಟ್ಟಿದಾರೆ."

ನೆಡ್ ಬೆಂಚಿನಿಂದ ಎದ್ದ. "ವಾಪಸ್ ಯಾಕೆ ಮೇಷ್ಟ್ರೇ? ನಾನು ತಪ್ಪೊಪ್ಕೋತೀನಿ. ಜಡ್ಜಿನ ಮುಂದೆ ಓದಲಿ, ಪತ್ರಿಕೆಯವರು ಬರ್ಕೊಳ್ಳಲಿ. ಹ್ಯಾನ, ಥಾಮಸ್ ಓರ್ಮ್‌ಗಾರ್ತ್‌ನ ಮಗಳು. ಜೈಲಾದ್ರೆ ಆಗಲಿ. ನೀವು ಮುಂದಿನ ಸಾಲಲ್ಲಿ ಕೂತು ಕೇಳ್ಬೇಕು."

ಡೆಂಟ್ ಪೆನ್ನನ್ನು ಮುಂದೆ ಸರಿಸಿದ. "ಇಲ್ಲಿ ಮೇಷ್ಟ್ರೇ. ಹೆಸರು ಪೂರ್ತಿ ಬರೀರಿ."

ಕತ್ಬರ್ಟ್ ಓರ್ಮ್‌ಗಾರ್ತ್ ಪೆನ್ನು ಹಿಡಿದರು. ಮೊದಲ ಹೆಸರನ್ನು ಬರೆದರು. ಅಲ್ಲಿಗೇ ಕೈ ನಿಂತಿತು. ಪೆನ್ನನ್ನು ಕಾಗದದ ಮೇಲೆ ಮಲಗಿಸಿ ಎದ್ದು, ಯಾರ ಮುಖವನ್ನೂ ನೋಡದೆ ಬಾಗಿಲು ತೆರೆದುಕೊಂಡು ಹೊರಟರು.

"ಮೇಷ್ಟ್ರೇ, ಟೋಪಿ!" ಡೆಂಟ್ ಕೂಗಿದ.

ಅವರು ತಿರುಗಲಿಲ್ಲ. ಟೋಪಿಯನ್ನು ಡೆಂಟ್ ಗೋಡೆಯ ಮೊಳೆಗೆ ತಗುಲಿಹಾಕಿದ. ಜನವರಿಯಲ್ಲಿ ಕೋರ್ಟಿನಲ್ಲಿ ಕಡತ ಓದಿದ ದಿನ ಮುಂದಿನ ಸಾಲಿನ ಕುರ್ಚಿ ಖಾಲಿಯಿತ್ತು. ಟೋಪಿ ಕೇಳಿಕೊಂಡು ಯಾರೂ ಬರಲಿಲ್ಲ.