ಮೋಟಾರ್ ಮನೆಯ ಬಾಗಿಲಿಗೆ ಬೇವು

"ಅಲ್ಲೇ ನಿಂತ್ಕೊ ಭವ್ಯ! ಹತ್ರ ಬರ್ಬೇಡ!"

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಭವ್ಯಳ ಕಾಲು ನೆಲಕ್ಕೆ ಅಂಟಿಕೊಂಡಿತು.

ಮಸ್ಕತ್ತಿನಲ್ಲಿ ದುಡಿಯುತ್ತಿದ್ದ ಸೋದರಮಾವನ ಮಗ ಮಹಾಲಿಂಗ... ಬರುವ ತಿಂಗಳು ಅವಳಿಗೆ ತಾಳಿ ಕಟ್ಟಬೇಕಾದವನು... ಮುಖಕ್ಕೆ ಟವೆಲ್ ಸುತ್ತಿಕೊಂಡು, ಇನ್ನೊಂದು ಬಸ್ಸನ್ನೂ ಹತ್ತದೆ, ತಮ್ಮೂರು ಹರವೆಯ ದಾರಿ ಹಿಡಿದು ನಡೆದೇಬಿಟ್ಟ!

'ನಾನೇನು ತಪ್ಪು ಮಾಡಿದೆ?'

ಮರುದಿನ ಊರಿಗೆಲ್ಲ ಸುದ್ದಿ. ಅವನು ಮನೆಗೆ ಹೋಗಿಲ್ಲ. ಅರಿಸಿನದ ಹೊಲದ ಮೋಟಾರ್ ಮನೆ ಸೇರಿ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಾನೆ.

ಬೇವು! ಸಿಡುಬಿನ ಅಮ್ಮ ಬಂದ ಮನೆಯ ಗುರುತು. ಅಂಥ ಮನೆಯೊಳಗೆ ಹೊರಗಿನವರು ಕಾಲಿಡುವಂತಿಲ್ಲ, ಲಗ್ನದ ಮಾತೇ ಎತ್ತುವಂತಿಲ್ಲ.

"ಒಲ್ಲೆ ಅನ್ನಕ್ಕೆ ಬಾಯಿಲ್ವಾ ಅವ್ನಿಗೆ?" ಭವ್ಯಳ ತಂದೆ ಸಿದ್ದಯ್ಯ ಸಿಡುಕಿದರು. "ಸಂತೆಮರಹಳ್ಳಿ ಕಡೆಯೋರು ನಿನ್ನ ಕೇಳ್ತಾವ್ರೆ. ಬಂದು ನೋಡ್ಕಂಡು ಓಗ್ಲಿ ಬುಡು."

ನಾಲ್ಕನೇ ದಿನ ತಡೆಯಲಾರದೆ ಭವ್ಯ ಹೊಲಕ್ಕೆ ಓಡಿದಳು.

ಕಾಲುವೆಯ ಈಚೆಗೆ ಅವನ ತಾಯಿ ದೊಡ್ಡಮಲ್ಲಮ್ಮ ಬುತ್ತಿ ಇಟ್ಟುಕೊಂಡು ಅಳುತ್ತಿದ್ದಳು. ಒಳಗಿನಿಂದ ಒಂದೇ ಸಮನೆ ಕೆಮ್ಮು.

"ಭಾವ! ನಾನು ಬ್ಯಾಡ್ವಾ? ಬಾಯ್ಬುಟ್ಟು ಹೇಳು!"

ಕಿಟಕಿಯಲ್ಲಿ ಜ್ವರದಿಂದ ಕೆಂಪಾದ ಎರಡು ಕಣ್ಣು.

"ವಿಮಾನದಲ್ಲಿ ನನ್ ಪಕ್ಕ ಕೂತಿದ್ದೋರು ದಾರಿಯುದ್ದಕ್ಕೂ ಕೆಮ್ತಿದ್ರು ಕಣಮ್ಮಿ. ಬಸ್ಸು ಮದ್ದೂರು ದಾಟ್ತಿದ್ದಂಗೆ ಏರ್‌ಪೋರ್ಟಿಂದ ಫೋನ್ ಬಂತು... ಅವ್ರಿಗೆ ಕೊರೋನಾ ಅಂತೆ. ಆ ಬಸ್ಸಲ್ಲಿ ಮಕ್ಳಿದ್ರು ಭವ್ಯ! ಯಾರ್ಯಾರಿಗೆ ಅಂಟಿಸ್ಬುಟ್ನೋ..." ಅವನು ತಾಯಿಯತ್ತ ಕಣ್ಣು ಹೊರಳಿಸಿದ. "ಅವ್ವಂಗೆ ಮೊದ್ಲೇ ಉಬ್ಸ. ನಾನು ಬ್ಯಾಡ ಅಂದ್ರೂ ಒಳಿಕ್ಕೆ ನುಗ್ತಾಳೆ. ಬೇವು ಕಂಡ್ರೆ ಮಾತ್ರ ನಿಂತ್ಕತಾಳೆ."

ದೊಡ್ಡಮಲ್ಲಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಆಗೆಲ್ಲ ಕಾಯ್ಲೆ ಊರಿಂದೂರ್ಗೆ ನಡ್ಕಂಡ್ ಬರೋದು ಕಣವ್ವ. ಈಗ ಅದೂ ವಿಮಾನ ಅತ್ಬುಡ್ತದೆ! ಬೆಳಿಗ್ಗೆ ಅಲ್ಲಿ, ಸಂಜ್ಗೆ ಇಲ್ಲಿ."

ಚಾಮರಾಜನಗರದಿಂದ ಬಂದ ಡಾಕ್ಟರು ಪರೀಕ್ಷೆ ಮಾಡಿದರು. ಅವನಿಗೂ ಅಂಟಿತ್ತು. ಇಲ್ಲೇ ಒಬ್ಬನೇ ಇರಲಿ, ಉಸಿರು ಕಟ್ಟಿದರೆ ತಕ್ಷಣ ಕರೆಯಿರಿ ಎಂದರು.

ಉಸಿರು ಕಟ್ಟಿದರೆ...!

ಭವ್ಯ ದಿನವೂ ಗಂಜಿಯ ಪಾತ್ರೆ ತಂದು ಕಾಲುವೆಯ ಏರಿಯ ಮೇಲೆ ಕೂರುತ್ತಿದ್ದಳು. ಕೆಮ್ಮು ಕೇಳಿದರೆ ಎದೆ ಹಿಂಡುತ್ತಿತ್ತು. ನಿಂತರೆ ಎದೆಯೇ ನಿಂತಂತಾಗುತ್ತಿತ್ತು.

ಒಂದು ಬೆಳಿಗ್ಗೆ ಕೆಮ್ಮಿಲ್ಲ.

"ಭಾವ!"

ಅವಳು ಏರಿಯ ಮೇಲೆ ಎದ್ದು ನಿಂತಳು.

"ಭಾವಾ!!"

ಅವಳು ಕಾಲುವೆ ದಾಟಿದಳು. ಒಣಗಿದ ಬೇವು ಅವಳ ಕೈಗೆ ತಾಗಿ ಉದುರಿತು. ಇನ್ನೇನು ಬಾಗಿಲು ದೂಡಬೇಕು...

"ಒಳಿಕ್ಕೆ ಬಂದ್ರೆ ನನ್ನಾಣೆ!"

"ಇದ್ದೀಯಾ...?"

"ನಿದ್ದೆ ಬಂದಿತ್ತು ಕಣಮ್ಮಿ. ಕೆಮ್ಮಿಲ್ದಿರೋ ನಿದ್ದೆ."

ಅವಳು ಅಲ್ಲೇ ಕುಸಿದು ಬಿಕ್ಕಿದಳು.

ಬಾಗಿಲಾಚೆ ಅವನ ದನಿ ಮೆತ್ತಗಾಯಿತು. "ಸಂತೆಮರಹಳ್ಳಿಯೋರು ಬಂದಿದ್ರಂತೆ...?"

"ಬಂದಿದ್ರು. ಬೀದಿಯಿಂದ್ಲೇ ವಾಪಸ್ ಹೋದ್ರು."

"ಯಾಕೆ?"

"ನಮ್ಮನೆ ಬಾಗ್ಲಿಗೂ ಬೇವು ಕಟ್ಬುಟ್ಟೆ."

ಒಳಗೆ ನಗು ಹುಟ್ಟಿತು. ನಡುವೆಯೇ ಒಡೆದು ಅಳುವಾಯಿತು.

"ಅದ್ನ ಬಿಚ್ಚೋದ್ಯಾವಾಗ?"

"ಡಾಕ್ಟ್ರು ನಿನ್ನ ಬುಟ್ಟ ದಿನ. ನೀನೇ ಬಂದು ಬಿಚ್ಬೇಕು."

"ಭವ್ಯ... ಅವತ್ತು ತಿರುಗಿ ನೋಡಿದ್ರೆ ನಿನ್ ಕೈ ಹಿಡ್ಕಂಡ್ಬುಡ್ತಿದ್ದೆ. ಅದ್ಕೇ ನೋಡ್ನಿಲ್ಲ."

ಅವಳು ಬಾಗಿಲಿಗೆ ಅಂಗೈ ಒತ್ತಿದಳು.

"ಹಿಡ್ಕಳುವಂತೆ. ಮೊದ್ಲು ಗಂಜಿ ಕುಡಿ."